ಅಂಚಿಗೊಂದು ಬಿಳಿ ದಾರ

ಮಂಗಳವಾರ, 19 ಫೆಬ್ರವರಿ 1991

ಹಲ್ಲಿನ ಡಾಕ್ಟರು ಹಚ್ಚಿದ ಕೆಲಸ ಇದು. ಯಾವ ದಿನ ನೋವು ಬಂತು, ಎಷ್ಟು ಹೊತ್ತು ಇತ್ತು, ಏನು ಮಾಡುತ್ತಿದ್ದಿರಿ, ಎಲ್ಲ ಬರೆದಿಟ್ಟುಕೊಂಡು ಬನ್ನಿ ಎಂದ. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಗಿರಣಿ ಸೇರಿದವಳು ನಾನು. ನಲವತ್ತಾರು ವರ್ಷ ನಾನು ಬರೆದದ್ದೆಂದರೆ ಉಣ್ಣೆ ಬಟ್ಟೆಯ ಥಾನಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು, ಅಷ್ಟೆ. ಆದರೂ ಬರೆಯುತ್ತೇನೆ. ಇಲ್ಲದಿದ್ದರೆ ಮುಂದಿನ ಸಲ ಅವನು ಮತ್ತೆ ಅದೇ ಪ್ರಶ್ನೆಗಳನ್ನು ಕೇಳುತ್ತಾನೆ.

ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲು ಅಲುಗುತ್ತಿವೆ. ಕಾರ್ನೆಟ್ಟನ್ನು, ಅಂದರೆ ನಾನು ಊದುವ ಗಿಡ್ಡ ತುತ್ತೂರಿಯನ್ನು, ತುಟಿಗೆ ಒತ್ತಿದಾಗ ನೋವು. ಸುಮ್ಮನಿದ್ದಾಗ ಇಲ್ಲ.

“ಹಾಗಾದ್ರೆ ಊದೋದು ಬಿಡಿ,” ಎಂದ.

“ನೀನು ಕೀಳೋದು ಬಿಡು,” ಎಂದೆ.

ಬ್ಯಾಂಡಿನವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಶುಕ್ರವಾರ, 22 ಫೆಬ್ರವರಿ

ನೋವಿಲ್ಲ. ಊದಲಿಲ್ಲ, ಅದಕ್ಕೆ.

ನಮ್ಮ ಹಾಡಿನ ಗ್ರಾಮಫೋನ್ ಪ್ಲೇಟುಗಳು ಬಂದವು, ಐನೂರು. ಡಾಕ್ಟರು ಓದುವುದಾದರೆ ಯಾರು ಯಾರೆಂದು ತಿಳಿಯಲಿ, ಬರೆಯುತ್ತೇನೆ. ಫಿಟ್ಜ್‌ರಾಯ್ ನಮ್ಮ ಬ್ಯಾಂಡಿನ ಯಜಮಾನ. ಬೇಸ್ ಗಿಟಾರು ಅವನದು. ವಾರದ ದಿನಗಳಲ್ಲಿ ಹಡರ್ಸ್‌ಫೀಲ್ಡಿನ ಬಸ್ಸು ಓಡಿಸುತ್ತಾನೆ. ಅವನ ತಾಯಿ ಯೂನಿಸ್ ಮೂವತ್ತು ವರ್ಷದ ಹಿಂದೆ ಕ್ಯಾರಿಯಾಕೂ ದ್ವೀಪದಿಂದ ಬಂದು, ಗಿರಣಿಯ ರಫು ಕೋಣೆಯಲ್ಲಿ ನನ್ನ ಪಕ್ಕದ ಮೇಜಿಗೆ ಕೂತವಳು. ನೇಯ್ದು ಬಂದ ಬಟ್ಟೆಯನ್ನು ಉತ್ತರದ ಕಿಟಕಿಯ ಬೆಳಕಿಗೆ ಹಾಸಿ, ಬೆರಳಾಡಿಸಿ ತಪ್ಪು ಹುಡುಕಿ, ಯಾರಿಗೂ ಕಾಣದ ಹಾಗೆ ಸೂಜಿಯಲ್ಲಿ ತಿದ್ದುವುದು ನಮ್ಮ ಕೆಲಸ. ಗಿರಣಿ ಮುಚ್ಚಿ ಏಳು ವರ್ಷವಾಯಿತು. ಈಗ ಆ ಕೋಣೆಯಲ್ಲೇ ಅಭ್ಯಾಸ ಮಾಡುತ್ತೇವೆ. ಬ್ಯಾಂಡಿನ ಹೆಸರೂ ‘ರಫು ಕೋಣೆ’. ಐದು ಜನ. ನನ್ನನ್ನು ಬಿಟ್ಟರೆ ಯಾರಿಗೂ ಮೂವತ್ತೈದು ದಾಟಿಲ್ಲ. ನನಗೆ ಅರವತ್ತೇಳು.

ಜಾಜ್ ಬಾರಿಸಿದರೆ ಜನ ಕೂತು ಕೇಳಬೇಕೆಂದು ಕೆಲವರ ನಂಬಿಕೆ. ನಮ್ಮದು ಕುಣಿಯುವುದಕ್ಕೆ. ಯುದ್ಧದ ಕಾಲದಲ್ಲಿ ಹೆಂಗಸರ ಬ್ಯಾಂಡಿನಲ್ಲಿ ನಾನು ಊದುತ್ತಿದ್ದದ್ದೂ ಕುಣಿಯುವುದಕ್ಕೇ. ನಡುವೆ ನಲವತ್ತು ವರ್ಷ ಊದಲಿಲ್ಲ ಅಷ್ಟೆ. ಫಿಟ್ಜ್‌ಗೆ ಎಂಟು ವರ್ಷವಾಗಿದ್ದಾಗ ಕಾರ್ನೆಟ್ ಹೇಳಿಕೊಟ್ಟೆ. ಅವನು ಅದನ್ನು ಬಿಟ್ಟು ಗಿಟಾರು ಹಿಡಿದ, ನಾನು ಬಿಟ್ಟದ್ದನ್ನು ಮತ್ತೆ ಹಿಡಿದೆ.

ಪ್ಲೇಟಿನ ನಡುವಿನ ಚೀಟಿ ಖಾಲಿ ಬಿಳಿ. ಅದು ಫಿಟ್ಜ್‌ನ ಉಪಾಯ.

“ಹೆಸರು ಹಾಕಿದ್ರೆ ಹೆಸರು ನೋಡ್ತಾರೆ ಆಂಟಿ. ಹಾಕದಿದ್ರೆ ಹಾಡು ಕೇಳ್ತಾರೆ.”

“ಹೆಸರೇ ಇಲ್ದಿದ್ರೆ ಕಸದ ಬುಟ್ಟಿಗೆ ಹಾಕ್ತಾರೆ ಕಣೋ,” ಎಂದಳು ಯೂನಿಸ್.

ಹೆಸರು ಬೇಡ, ಆದರೆ ವೇಗ ಬರೆಯಲೇಬೇಕು. ಇಷ್ಟು ದೊಡ್ಡ ಪ್ಲೇಟು ಕಂಡರೆ ನಿಮಿಷಕ್ಕೆ ಮೂವತ್ತಮೂರು ಸುತ್ತಿನ ವೇಗಕ್ಕೆ ಹಾಕುವವರೇ ಹೆಚ್ಚು. ನಮ್ಮದು ನಲವತ್ತೈದರದು. ಯೂನಿಸಳ ಊಟದ ಮೇಜಿನ ಮೇಲೆ ಕೂತು ಒಂದೊಂದಕ್ಕೂ 45 ಎಂದು ಬರೆದೆವು. ಡ್ಯಾನ್ಸ್ ಕ್ಲಬ್ಬುಗಳಿಗೆ ಹೋಗುವ ಕಟ್ಟು ಅವರದು, ರೇಡಿಯೊದವರಿಗೆ ಹೋಗುವ ಇಪ್ಪತ್ತು ನನ್ನದು. ಆ ಚೀಟಿಯ ನುಣುಪಿಗೆ ನನ್ನ ಪೆನ್ನು ಹಿಡಿಯಲೇ ಇಲ್ಲ. ಏಪ್ರನ್ನಿನ ಜೇಬಿನಲ್ಲಿ ಗಿರಣಿಯ ಹಳದಿ ಸೀಮೆಸುಣ್ಣದ ಚೂರು ಇತ್ತು. ಅದರಲ್ಲಿ ಬರೆದೆ. ದೊಡ್ಡದಾಗಿ, ದುಂಡಗೆ. ಗಿರಣಿಯ ಸೀಮೆಸುಣ್ಣ ಎಲ್ಲದರ ಮೇಲೂ ಮೂಡುತ್ತದೆ.

ನನ್ನ ಇಪ್ಪತ್ತು ಮೊದಲು ಮುಗಿಯಿತು. ಫಿಟ್ಜ್ ಬರೆದ ನಾಲ್ಕು ಒಂಬತ್ತಿನ ಹಾಗಿತ್ತು. ಹೇಳಿದೆ.

ಭಾನುವಾರ, 10 ಮಾರ್ಚ್

ನೋವು: ಬೆಳಿಗ್ಗೆ ಅರ್ಧ ಗಂಟೆ. ಮಧ್ಯಾಹ್ನದ್ದು ಹಲ್ಲಿನ ನೋವಲ್ಲ.

ಲೀಡ್ಸಿನ ರೇಡಿಯೊದಲ್ಲಿ ಭಾನುವಾರ ಮಧ್ಯಾಹ್ನ ಗಿಡಿಯನ್ ಪಾಸ್ಕ್ ಎಂಬವನು ಎರಡು ಗಂಟೆ ಪ್ಲೇಟು ಹಾಕುತ್ತಾನೆ. ಈ ಭಾಗದಲ್ಲಿ ಕುಣಿಯುವವರೆಲ್ಲ ಅವನನ್ನು ಕೇಳುತ್ತಾರೆ. ಅವನು ಹಾಕಿದರೆ ಬ್ಯಾಂಡು ಉಂಟು, ಹಾಕದಿದ್ದರೆ ಇಲ್ಲ. ಹೆಸರಿಲ್ಲದ ಬಿಳಿ ಚೀಟಿಯದೊಂದನ್ನು ಇವತ್ತು ಹಾಕುತ್ತೇನೆಂದು ಹೋದ ವಾರ ಅವನು ಹೇಳಿದ್ದರಿಂದ, ನಮ್ಮದೇ ಇರಬೇಕೆಂದು ಎಲ್ಲರೂ ಯೂನಿಸಳ ಮನೆಯಲ್ಲಿ ಸೇರಿದ್ದೆವು. ಅನ್ನ, ಕಾಳು, ಕೋಳಿ. ನಾನು ಅನ್ನ ಮಾತ್ರ ತಿಂದೆ. ಏಕೆಂದು ಯಾರೂ ಕೇಳಲಿಲ್ಲ.

ಎರಡೂ ಇಪ್ಪತ್ತಕ್ಕೆ ನಮ್ಮ ಹಾಡು ‘ಉತ್ತರದ ಕಿಟಕಿ’ ಶುರುವಾಯಿತು. ಶುರುವಾಯಿತೋ ಇಲ್ಲವೋ ಎಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಫಿಟ್ಜ್‌ನ ಬೇಸು ನೆಲದಡಿಯಿಂದ ಬಂತು. ಡ್ರಮ್ಮು ಮೆಟ್ಟಿಲು ಹತ್ತುವ ಮುದುಕನ ಹಾಗೆ.

“ಅಯ್ಯೋ, ಮೂವತ್ತಮೂರಕ್ಕೆ ಹಾಕಿದಾನೆ,” ಎಂದು ಫಿಟ್ಜ್ ತಟ್ಟೆ ಕೆಳಗಿಟ್ಟ.

ಆಮೇಲೆ ನನ್ನ ಕಾರ್ನೆಟ್. ನೆಗಡಿಯಾದ ಹಸು ಕರುವನ್ನು ಕರೆದ ಹಾಗೆ. ಒಬ್ಬೊಬ್ಬರಾಗಿ ಎಲ್ಲರೂ ತಟ್ಟೆ ಕೆಳಗಿಟ್ಟರು. ಯೂನಿಸ್ ಮಾತ್ರ ಚಮಚ ಹಿಡಿದೇ ಕಣ್ಣು ಮುಚ್ಚಿ ಕೇಳುತ್ತಿದ್ದಳು.

“ಚೆನ್ನಾಗಿದೆ ಕಣೇ ಹೆಟ್ಟಿ,” ಎಂದಳು.

“ಹೆಣ ಹೊರೋವಾಗ ಬಾರಿಸೋ ಹಾಗಿದೆ.”

“ಅದಕ್ಕೇ ಚೆನ್ನಾಗಿದೆ ಅಂದಿದ್ದು. ನನ್ನದಕ್ಕೆ ಇದನ್ನೇ ಹಾಕಿಸು.”

ಹಾಡು ಮುಗಿದ ಮೇಲೆ ಆ ಪಾಸ್ಕ್ ಎಂಬ ಪ್ರಾಣಿ ಹೇಳಿದ್ದು ಇದು: “ಇವರು ಯಾರು ಅಂತ ನನಗೆ ಗೊತ್ತಿಲ್ಲ. ಇಷ್ಟು ನಿಧಾನಕ್ಕೆ ಬಾರಿಸೋ ಧೈರ್ಯ ಈಗ ಯಾರಿಗಿದೆ? ಆ ಕಾರ್ನೆಟ್ ಊದಿದವರಿಗೆ ಕಾಯೋದು ಹೇಗೆ ಅಂತ ಗೊತ್ತು.”

ನಾನು ಬಸ್ಸಿಗೂ ಕಾಯುವವಳಲ್ಲ.

ಸೋಮವಾರ, 11 ಮಾರ್ಚ್

ನಲವತ್ತು ಜನ ರೇಡಿಯೊಕ್ಕೆ ಫೋನು ಮಾಡಿ ಅದೇ ಹಾಡು ಮತ್ತೆ ಹಾಕಿ ಎಂದರಂತೆ. ಬ್ಯಾಂಡಿನ ಹೆಸರನ್ನೂ ಹಾಡಿನ ಹೆಸರನ್ನೂ ರೇಡಿಯೊದವರಿಗೆ ಹೇಳಿ ಫಿಟ್ಜ್ ಕುಣಿಯುತ್ತ ಬಂದ.

“ಆಂಟಿ, ದಯವಿಟ್ಟು ಸುಮ್ನಿರಿ. ವೇಗದ ವಿಷಯ ಯಾರೂ ಏನೂ ಹೇಳೋದು ಬೇಡ. ತಪ್ಪಾಗಿಯೋ ಸರಿಯಾಗಿಯೋ, ಹಾಕ್ತಾ ಇದಾನಲ್ಲ.”

“ತಪ್ಪು ತಪ್ಪೇ ಕಣೋ.”

“ತಪ್ಪೇ. ಆದ್ರೆ ಚೆಂದದ ತಪ್ಪು.”

ತಪ್ಪಿನಲ್ಲಿ ಚೆಂದದ್ದು ಎಂಬುದಿಲ್ಲ. ತಪ್ಪು ಕಂಡೂ ಥಾನನ್ನು ಮುಂದೆ ದಾಟಿಸಿದವಳಲ್ಲ ನಾನು. ಅವನು ಹೋದ ಮೇಲೆ ಕಾಗದ ಬರೆದೆ. ಹೀಗೆ:

ರೇಡಿಯೊದ ಪಾಸ್ಕ್ ಅವರಿಗೆ. ನಿನ್ನೆ ನೀವು ಹಾಕಿದ ಪ್ಲೇಟು ನಲವತ್ತೈದರದು, ಮೂವತ್ತಮೂರರದಲ್ಲ. ಚೀಟಿಯ ಮೇಲೆ ದೊಡ್ಡದಾಗಿ ಬರೆದಿದೆ. ಕಣ್ಣಿಲ್ಲದಿದ್ದರೂ ಕಿವಿಯಾದರೂ ಇರಬೇಕಿತ್ತು. ಬ್ಯಾಂಡಿನವರನ್ನು ನಿಮ್ಮ ರೇಡಿಯೊಕ್ಕೆ ಕರೆಸಿ, ಸರಿಯಾದ ವೇಗದಲ್ಲಿ ಬಾರಿಸಲು ಹೇಳಿ, ಕೇಳಿ, ಕಲಿಯಿರಿ. ಎಚ್. ಆರ್ಮಿಟೇಜ್.

ಅಂಚೆಗೆ ಹಾಕಿ ಬಂದೆ. ಫಿಟ್ಜ್‌ಗೆ ಹೇಳಿಲ್ಲ.

ಶನಿವಾರ, 16 ಮಾರ್ಚ್

ನೋವು: ಮಧ್ಯಾಹ್ನ ಮೂರರಿಂದ. ರಕ್ತ.

ಲೀಡ್ಸಿನಲ್ಲಿ ಇಡೀ ದಿನದ ಕುಣಿತ. ಬೆಳಿಗ್ಗೆ ಹನ್ನೊಂದಕ್ಕೆ ಶುರು. ನಾಟಿಂಗ್‌ಹ್ಯಾಮಿನಿಂದೆಲ್ಲ ಬಸ್ಸು ಮಾಡಿಕೊಂಡು ಬಂದಿದ್ದರು. ನಡುವೆ ಜಾಗ ಬಿಟ್ಟು ದುಂಡಗೆ ನಿಂತು, ಒಬ್ಬೊಬ್ಬರೇ ಒಳಗೆ ಹಾರಿ ಕುಣಿಯುತ್ತಾರೆ. ಕಾಲು ನೆಲಕ್ಕೆ ತಾಗುವುದೇ ಕಾಣುವುದಿಲ್ಲ. ನಾವು ‘ಉತ್ತರದ ಕಿಟಕಿ’ ಎತ್ತಿಕೊಂಡೆವು, ಸರಿಯಾದ ವೇಗದಲ್ಲಿ. ಕ್ಲಬ್ಬಿನವರು ಕುಣಿದರು. ರೇಡಿಯೊ ಕೇಳಿ ಬಂದವರು ಕೈಕಟ್ಟಿ ನಿಂತು, ನಿಧಾನದ್ದು ಬಾರಿಸಿ ಎಂದರು.

ನನ್ನ ಪಾಳಿಯ ಕೊನೆಯಲ್ಲಿ ಒಂದು ಎತ್ತರದ ಸ್ವರ ಇದೆ. ಹಾಡೆಲ್ಲ ಅದಕ್ಕಾಗಿಯೇ ಏರುವುದು. ಅದು ಒಡೆಯಿತು. ಕುಣಿಯುತ್ತಿದ್ದವನೊಬ್ಬ ತಿರುಗಿ ನೋಡಿದ. ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡು ಅದನ್ನು ಜೇಬಿನ ಆಳಕ್ಕೆ ತುರುಕಿದೆ.

ಮುಗಿದ ಮೇಲೆ ಒಬ್ಬ ಹುಡುಗಿ ಫಿಟ್ಜ್‌ನ ಹತ್ತಿರ ಬಂದಳು. ಕಾಲೇಜಿನಲ್ಲಿ ಜಾಜ್ ಕಲಿಯುತ್ತಾಳಂತೆ, ಟ್ರಂಪೆಟ್. ಇದನ್ನೂ ಕಾಲೇಜಿನಲ್ಲಿ ಕಲಿಸುತ್ತಾರೆ. ದಕ್ಷಿಣದ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತದೆ. ಹಲ್ಲೆಲ್ಲ ಸರಿಯಾಗಿವೆ. ಫಿಟ್ಜ್ ಅವಳ ಫೋನ್ ನಂಬರು ಬರೆದುಕೊಂಡ.

“ಸುಮ್ನೆ ಆಂಟಿ. ಎಂದಾದ್ರೂ ಬೇಕಾಗಬಹುದು ಅಂತ.”

“ನಾನು ಸತ್ತಾಗ?”

“ನೆಗಡಿಯಾದಾಗ,” ಎಂದ.

ಗುರುವಾರ, 21 ಮಾರ್ಚ್

ಡಾಕ್ಟರು ಈ ಪುಸ್ತಕ ನೋಡಲೇ ಇಲ್ಲ. ಬಾಯಿ ನೋಡಿದ. ಎರಡಲ್ಲ, ಮೇಲಿನ ಮುಂದಿನ ಆರೂ ಹೋಗಬೇಕು. ಕಟ್ಟಿಸಿದ ಹಲ್ಲು ಹಾಕುತ್ತಾನಂತೆ. ಊದಬಹುದೇ ಎಂದೆ. ಊದಬಹುದು, ಆದರೆ ಒತ್ತಿ ಊದುವ ಎತ್ತರದ ಸ್ವರ ಇನ್ನು ಬಾರದು, ಕೆಳಗಿನದನ್ನು ಪ್ರಯತ್ನಿಸಿ ಎಂದ. ಅವನ ತಂದೆ ಬ್ರಾಸ್ ಬ್ಯಾಂಡಿನಲ್ಲಿದ್ದವನಂತೆ. ಆದ್ದರಿಂದ ಸುಳ್ಳಲ್ಲ.

ಎತ್ತರದ ಸ್ವರ ಇಲ್ಲದಿದ್ದರೆ ಬ್ಯಾಂಡಿನಲ್ಲಿ ನನಗೆ ಕೆಲಸ ಇಲ್ಲ. ಲೆಕ್ಕ ಅಷ್ಟೇ.

ಭಾನುವಾರ, 31 ಮಾರ್ಚ್. ಈಸ್ಟರ್

ಪಾಸ್ಕ್ ನಾಲ್ಕನೆಯ ಸಲ ಹಾಕಿದ. ನಿಧಾನಕ್ಕೇ. ನನ್ನ ಕಾಗದಕ್ಕೆ ಉತ್ತರ ಇಲ್ಲ. ಹಾಡಿನ ಕೊನೆಗೆ ಹೇಳಿದ: ಮೇ ಹನ್ನೆರಡಕ್ಕೆ ಬ್ಯಾಂಡಿನವರೇ ರೇಡಿಯೊಕ್ಕೆ ಬಂದು ಎದುರಿಗೇ ಬಾರಿಸುತ್ತಾರೆ. ಲಂಡನ್ನಿನ ಪ್ಲೇಟು ಕಂಪನಿಯವರೂ ಅವತ್ತು ಕೇಳುತ್ತಾರೆಂದು ಫಿಟ್ಜ್ ಹೇಳಿದ. ಅವರು ಒಪ್ಪಿದರೆ ಬಸ್ಸು ಬಿಡುತ್ತಾನಂತೆ.

ಅಭ್ಯಾಸದಲ್ಲಿ ಫಿಟ್ಜ್ ತಲೆ ಕೆರೆಯುತ್ತ ಹೇಳಿದ, “ಜನ ಕೇಳ್ತಿರೋದು ನಿಧಾನದ್ದು. ರೇಡಿಯೊದಲ್ಲಿ ಅದನ್ನೇ ಬಾರಿಸೋಣ. ಪ್ಲೇಟು ನಿಧಾನ ಆದಾಗ ಸ್ವರಾನೂ ಐದು ಮೆಟ್ಟಿಲು ಕೆಳಗಿಳಿಯುತ್ತೆ. ಹಾಗೇ ಇಳಿಸಿಕೊಂಡು ಬಾರಿಸೋಣ. ಆಂಟಿ, ನಿಮಗೆ ಕೋಪ ಬರುತ್ತೆ, ಗೊತ್ತು.”

ಬರಬೇಕಿತ್ತು. ಮಾಡು ಏನಾದರೂ, ಎಂದೆ. ಎಲ್ಲರೂ ನನ್ನನ್ನೇ ನೋಡಿದರು.

ಮನೆಗೆ ಬಂದು ಐದು ಮೆಟ್ಟಿಲು ಕೆಳಗೆ ಎರಡು ಸಲ ಊದಿ ನೋಡಿದೆ. ನೋವು ಬರಲಿಲ್ಲ. ಮೂರನೆಯ ಸಲವೂ ಊದಿದೆ.

ಕಾಗದ ಅಂಚೆಯಲ್ಲಿ ಕಳೆದುಹೋಗಿರಬೇಕು. ಕಳೆದುಹೋಗುವುದುಂಟು.

ಗುರುವಾರ, 4 ಏಪ್ರಿಲ್

ಆರು.

ಶುಕ್ರವಾರ, 5 ಏಪ್ರಿಲ್

ಬ್ಯಾಂಡಿನವರಿಗೆ ಕಡಲ ದಂಡೆಯ ಸ್ಕಾರ್ಬರೋದಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆಂದು ಹೇಳಿದ್ದೆ. ತಂಗಿ ತೀರಿಕೊಂಡು ಮೂರು ವರ್ಷವಾಯಿತು, ಹುಡುಗರಿಗೆ ಗೊತ್ತಿಲ್ಲ. ಯೂನಿಸಳಿಗೆ ಗೊತ್ತು. ಹಿಂದಿನ ಬಾಗಿಲಿಂದ ಬಂದಳು.

“ಬಾಯಿ ತೆಗಿಯೇ.”

ತಲೆ ಆಡಿಸಿದೆ.

“ಮೂವತ್ತು ವರ್ಷದಿಂದ ಮುಚ್ಚು ಅಂತ ಬಡ್ಕೊಂಡೆ, ಮುಚ್ಚಲಿಲ್ಲ. ಇವತ್ತು ತೆಗಿ ಅಂದ್ರೆ ತೆಗೆಯಲ್ಲ.”

ತೆಗೆದೆ. ನೋಡಿದಳು. ಜೋಳದ ಹಿಟ್ಟಿನ ಗಂಜಿ ಕಾಯಿಸಿಕೊಟ್ಟು ಹೋದಳು. ಜಾಯಿಕಾಯಿ ಹೆಚ್ಚಾಗಿತ್ತು.

ಮಂಗಳವಾರ, 9 ಏಪ್ರಿಲ್

ಗಾಳಿ ಮಾತ್ರ ಬರುತ್ತದೆ. ಸ್ವರ ಇಲ್ಲ. ಪಕ್ಕದ ಮನೆಯವನು ಗ್ಯಾಸು ಸೋರುತ್ತಿದೆಯೇ ಎಂದು ಕೇಳಿದ.

ಬುಧವಾರ, 17 ಏಪ್ರಿಲ್

ಫಿಟ್ಜ್ ಬಂದ. ಜೊತೆಗೆ ಆ ಕಾಲೇಜಿನವಳು.

“ಸ್ಕಾರ್ಬರೋ ಹೇಗಿತ್ತು ಆಂಟಿ?”

“ಗಾಳಿ.” ಕಟ್ಟಿಸಿದ ಹಲ್ಲಿನ ಸಂದಿನಿಂದ ಸೀಟಿಯ ಹಾಗೆ ಬಂತು.

“ಅಮ್ಮ ಹೇಳಿದ್ಲು.”

ಯೂನಿಸಳಿಗೆ ಒಂದು ಮಾತು ಉಳಿಸಿಕೊಳ್ಳಲು ಬರುವುದಿಲ್ಲ. ನಾನು ಕಾರ್ನೆಟ್ಟಿನ ಪೆಟ್ಟಿಗೆ ತಂದು ಮೇಜಿನ ಮೇಲೆ ಇಟ್ಟೆ. “ತಗೊಂಡು ಹೋಗು. ಇವಳಿಗೆ ಕೊಡು. ಸುತ್ತು ಬಳಸು ಬೇಡ.”

“ನನ್ನ ಹತ್ರ ಟ್ರಂಪೆಟ್ ಇದೆ, ಮಿಸೆಸ್ ಆರ್ಮಿಟೇಜ್,” ಎಂದಳು ಹುಡುಗಿ.

ಫಿಟ್ಜ್‌ಗೆ ಸಿಟ್ಟು ಬಂತು. ಅವನು ಸಿಟ್ಟು ಮಾಡಿದ್ದನ್ನು ಹತ್ತನೆಯ ವಯಸ್ಸಿನಿಂದೀಚೆ ನಾನು ನೋಡಿಲ್ಲ. “ನಿಮ್ಮನ್ನ ತೆಗೆಯೋಕೆ ಬಂದಿಲ್ಲ. ರೇಡಿಯೊದಲ್ಲಿ ನಿಧಾನದ್ದು, ಅದು ನಿಮ್ಮದು. ಕ್ಲಬ್ಬಿನಲ್ಲಿ ಬೇಗದ್ದು, ಅದನ್ನ ಯಾರಾದ್ರೂ ಊದಬೇಕಲ್ಲ? ಇವಳಿಗೆ ಹೇಳಿಕೊಡಿ ಅಂತ ಕೇಳೋಕೆ ಬಂದೆ. ಬೇಡ ಅಂದ್ರೆ ಬೇಡ ಅನ್ನಿ, ಪೆಟ್ಟಿಗೆ ಎಲ್ಲ ತಂದಿಡಬೇಡಿ.”

ಬಸ್ಸಿನ ಹೊತ್ತಾಯಿತೆಂದು ಹೊರಟುಹೋದ. ಹುಡುಗಿ ಉಳಿದಳು. ಹೆಸರು ಇಮೋಜೆನ್ ಅಂತೆ. ಹೆಸರಿನಲ್ಲೇ ಕುದುರೆ ಸಾಕಿದ ಮನೆತನ.

ಊದು ಎಂದೆ. ಊದಿದಳು. ಆ ಎತ್ತರದ ಸ್ವರಕ್ಕೆ ಮಾಡಿನ ಹೆಂಚು ಎಣಿಸಬಹುದಿತ್ತು, ಅಷ್ಟು ಸಲೀಸು. ಆದರೆ ಬೇಗ ಹೋಗಿ ಮುಟ್ಟಿಬಿಡುತ್ತಾಳೆ. ಅದಕ್ಕೆ ಮೊದಲಿನ ಎರಡು ಸ್ವರ ದಾರಿಯಲ್ಲೇ ಬಿದ್ದುಹೋದವು. “ಕಾಯಬೇಕು,” ಎಂದೆ. ಹೇಳಿದ ಮೇಲೆ ಈ ಮಾತು ಎಲ್ಲಿ ಕೇಳಿದ್ದು ಎಂದು ನೆನಪಾಯಿತು.

ಎರಡು ಗಂಟೆ ಕೂತಳು. ಬ್ಯಾಂಡಿಗೆ ರಫು ಕೋಣೆ ಎಂದು ಏಕೆ ಹೆಸರು ಎಂದಳು. ಹೇಳಿದೆ. ತಿದ್ದಲಾಗದ ತಪ್ಪು ಸಿಕ್ಕರೆ ಏನು ಮಾಡುತ್ತಿದ್ದಿರಿ ಎಂದಳು. ಒಳ್ಳೆಯ ಪ್ರಶ್ನೆ. ಬಟ್ಟೆಯ ಅಂಚಿಗೆ, ಆ ತಪ್ಪಿನ ನೇರಕ್ಕೆ, ಒಂದು ಬಿಳಿ ದಾರ ಕಟ್ಟುತ್ತಿದ್ದೆವು. ಇಲ್ಲಿ ತಪ್ಪಿದೆ, ನಮಗೆ ಗೊತ್ತಿದೆ, ನಿಮಗೂ ಗೊತ್ತಿರಲಿ ಎಂದು. ದಾರ ಇದ್ದರೆ ಕೊಳ್ಳುವವನು ಜಗಳ ಮಾಡುವಂತಿಲ್ಲ.

“ನೀವು ಎಷ್ಟು ದಾರ ಕಟ್ಟಿದೀರಿ?”

“ಒಂದೂ ಇಲ್ಲ. ತಿದ್ದಿದೀನಿ.”

“ಎಲ್ಲಾನೂ?”

ಹುಡುಗಿಗೆ ಬಾಯಿ ಜಾಸ್ತಿ. ಶುಕ್ರವಾರ ಬಾ ಎಂದೆ.

ಭಾನುವಾರ, 28 ಏಪ್ರಿಲ್

ಕೆಳಗಿನ ಸ್ವರಗಳು ಬರುತ್ತಿವೆ. ಕೊನೆಯದರಲ್ಲಿ ಸ್ವಲ್ಪ ಗಾಳಿ ಸೇರುತ್ತದೆ. ಇಮೋಜೆನ್ ಅದು ಚೆನ್ನಾಗಿದೆ ಎನ್ನುತ್ತಾಳೆ. ಅಡುಗೆ ಬಾರದಿದ್ದರೂ ಸೂಪು ಮಾಡಿಕೊಂಡು ಬಂದಿದ್ದಳು. ಕುಡಿದೆ.

ಶನಿವಾರ, 11 ಮೇ

ನಾಳೆ. ಅಂಗಿಗೆ ಇಸ್ತ್ರಿ ಮಾಡಿದೆ. ರೇಡಿಯೊದಲ್ಲಿ ಕಾಣುವುದಿಲ್ಲ, ಆದರೂ.

ಭಾನುವಾರ, 12 ಮೇ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಫಿಟ್ಜ್‌ನ ವ್ಯಾನಿನಲ್ಲಿ ಹೋದೆವು. ಇಮೋಜೆನ್ ಕೂಡ ಬಂದಳು, ಟ್ರಂಪೆಟ್ ಸಮೇತ. ಸುಮ್ಮನೆ ನೋಡುವುದಕ್ಕೆ ಎಂದಳು. ಸುಮ್ಮನೆ ನೋಡುವವರು ಟ್ರಂಪೆಟ್ ತರುವುದಿಲ್ಲ.

ಪಾಸ್ಕ್ ನಾನು ಎಣಿಸಿದ ಹಾಗಿರಲಿಲ್ಲ. ದನಿ ದಪ್ಪ, ಆಳು ತೆಳ್ಳಗೆ. ಸ್ವೆಟರಿನ ಮೊಣಕೈಯಲ್ಲಿ ರಫು ಇತ್ತು. ಯಾರೋ ಕೈ ಪಳಗದವರು ಮಾಡಿದ್ದು. ನನ್ನ ಕೈ ಹಿಡಿದು, “ಕಾರ್ನೆಟ್ ನೀವೇನಾ ಮೇಡಂ? ಗಂಡಸು ಅಂದ್ಕೊಂಡಿದ್ದೆ,” ಎಂದ. ಫಿಟ್ಜ್ ಇವರು ಹೆಟ್ಟಿ ಎಂದ. ಅಷ್ಟೇ ಹೇಳಿದ.

ಬಾರಿಸುವ ಕೋಣೆಯಲ್ಲಿ ಅವನ ಮೇಜಿನ ಪಕ್ಕ ನಮ್ಮ ಪ್ಲೇಟು ಇಟ್ಟಿದ್ದ. ನೋಡಬಹುದೇ ಎಂದೆ. ಕೊಟ್ಟ. ಕಾಗದದ ಹೊದಿಕೆಯಿಂದ ಹೊರಗೆಳೆದೆ. ಚೀಟಿಯ ಮೇಲೆ 45 ಇರಲಿಲ್ಲ. ಮಸುಕಾದ ಹಳದಿ ಧೂಳು ಇತ್ತು. ಬೆರಳಾಡಿಸಿದೆ, ಹಳೆಯ ಅಭ್ಯಾಸ. ಬೆರಳಿಗೆ ಸೀಮೆಸುಣ್ಣ ಅಂಟಿತು.

ಗಿರಣಿಯಲ್ಲಿ ಸೀಮೆಸುಣ್ಣ ಬಳಸುವುದು ಏಕೆಂದರೆ ಅದು ಅಳಿಸಿಹೋಗುತ್ತದೆ ಎಂದೇ. ಬಟ್ಟೆ ತೊಳೆದ ಮೇಲೆ ಗುರುತು ಉಳಿಯಬಾರದು. ನಲವತ್ತಾರು ವರ್ಷ ಅದನ್ನು ಬಳಸಿದವಳು ನಾನು.

ಎರಡು ಗಂಟೆಗೆ ಕೆಂಪು ದೀಪ ಹತ್ತಿತು. ಎರಡು ಹಾಡು ಬಾರಿಸಿದೆವು. ಅದರಲ್ಲಿ ನನ್ನದು ಕಡಿಮೆ. ಸರಿಹೋಯಿತು. ಆಮೇಲೆ ಪಾಸ್ಕ್ ಜೇಬಿನಿಂದ ಒಂದು ಕಾಗದ ತೆಗೆದ. ನೀಲಿ ಗೆರೆಯ ಕಾಗದ. ನನಗೆ ಗುರುತಾಯಿತು.

“ಇದು ಬಂದು ಎರಡು ತಿಂಗಳಾಯ್ತು,” ಎಂದು ಮೈಕಿಗೆ ಹೇಳಿದ. “ನಾಚಿಕೆಯಿಂದ ಇಟ್ಕೊಂಡಿದ್ದೆ. ಎಚ್. ಆರ್ಮಿಟೇಜ್ ಅಂತ ಒಬ್ಬರು. ಸ್ವಲ್ಪ ಮುಂಗೋಪಿ ಅನ್ಸುತ್ತೆ.” ಪೂರ್ತಿ ಓದಿದ. ಕಿವಿಯಾದರೂ ಇರಬೇಕಿತ್ತು ಎಂಬಲ್ಲಿ ತಾನೇ ನಕ್ಕ. “ಆರ್ಮಿಟೇಜ್ ಅವರು ಹೇಳಿದ್ದು ಸರಿ. ಅವರು ಹೇಳಿದ ಹಾಗೇ ಬ್ಯಾಂಡನ್ನ ಕರೆಸಿದೀನಿ. ಈಗ ‘ಉತ್ತರದ ಕಿಟಕಿ’, ಮೊದಲ ಸಲ ನಮ್ಮ ರೇಡಿಯೊದಲ್ಲಿ ಸರಿಯಾದ ವೇಗದಲ್ಲಿ.”

ಫಿಟ್ಜ್ ನನ್ನ ಕಡೆ ತಿರುಗಿದ. ಡ್ರಮ್ಮಿನವನು ತಿರುಗಿದ. ಎಚ್. ಆರ್ಮಿಟೇಜ್ ಯಾರೆಂದು ಆ ಕೋಣೆಯಲ್ಲಿ ಗೊತ್ತಿಲ್ಲದವನು ಪಾಸ್ಕ್ ಒಬ್ಬನೇ. ಗಾಜಿನ ಆಚೆ ಇಮೋಜೆನ್ ಟ್ರಂಪೆಟ್ ಎತ್ತಿ ತೋರಿಸಿ, ಬರಲೇ ಎಂದು ಹುಬ್ಬಿನಲ್ಲಿ ಕೇಳಿದಳು. ಬಾ ಎಂದರೆ ಮುಗಿಯುತ್ತಿತ್ತು. ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಚೆನ್ನಾಗಿಯೂ ಇರುತ್ತಿತ್ತು, ಎಲ್ಲೂ ಗುರುತು ಕಾಣದ ರಫು.

ನಾನು ಮೈಕಿನ ಹತ್ತಿರ ಹೋದೆ.

“ಆ ಕಾಗದ ಬರೆದಿದ್ದು ನಾನು,” ಎಂದೆ. “ಹೆಟ್ಟಿ ಆರ್ಮಿಟೇಜ್. ಇವನದೇನೂ ತಪ್ಪಿಲ್ಲ. ವೇಗ ಬರೆದವಳೂ ನಾನೇ, ಸೀಮೆಸುಣ್ಣದಲ್ಲಿ ಬರೆದೆ, ಅಳಿಸಿಹೋಯ್ತು. ತಪ್ಪು ನನ್ನದು, ಬೈದಿದ್ದು ಇವನನ್ನ.”

ಪಾಸ್ಕ್ ಬಾಯಿ ತೆರೆದ. ಕೈ ಎತ್ತಿ ತಡೆದೆ.

“ಕಾಗದ ಬರೆಯೋವಾಗ ನನಗೆ ಹಲ್ಲಿತ್ತು. ಈಗ ಮುಂದಿನ ಆರು ಇಲ್ಲ, ಇರೋದು ಕಟ್ಟಿಸಿದ್ದು. ಬೇಗದ್ದು ನನಗೆ ಇನ್ನು ಬರೋದಿಲ್ಲ. ಮೊದಲು ನಿಧಾನದ್ದು ಊದ್ತೀನಿ, ತಪ್ಪಿನದ್ದು. ಆಮೇಲೆ ಅದೇ ಹಾಡನ್ನ ಸರಿಯಾದ ವೇಗದಲ್ಲಿ ಇಮೋಜೆನ್ ಊದ್ತಾಳೆ. ಗಾಜಿನ ಆಚೆ ನಿಂತಿದಾಳೆ, ಒಳಗೆ ಕರೀರಿ. ಯಾವುದು ಬೇಕೋ ಅದನ್ನ ಇಟ್ಕೊಳ್ಳಿ.”

ರೇಡಿಯೊದಲ್ಲಿ ಅಷ್ಟು ಹೊತ್ತು ಯಾರೂ ಮಾತಾಡದೆ ಇರಬಾರದಂತೆ. ಆಮೇಲೆ ಹೇಳಿದರು. ಕೊನೆಗೆ ಫಿಟ್ಜ್ ನಿಧಾನಕ್ಕೆ ನಾಲ್ಕು ಎಣಿಸಿದ.

ಊದಿದೆ. ಮೊದಲರ್ಧ ಸರಿಯಾಯಿತು. ಕೊನೆಯ ಸ್ವರಕ್ಕೆ ಮೊದಲು ನಿಂತೆ. ಉಸಿರು ತಗೊಳ್ಳಲು ನಿಂತದ್ದು, ಬೇರೇನಲ್ಲ. ಆಮೇಲೆ ಆ ಸ್ವರ ಬಂತು, ಪಕ್ಕದಲ್ಲಿ ಗಾಳಿಯೂ ಬಂತು. ಅದನ್ನು ಸರಿಮಾಡಲು ಹೋಗಲಿಲ್ಲ.

ಇಮೋಜೆನ್ ಬೇಗದ್ದನ್ನು ಊದಿದಳು. ಎತ್ತರದ ಸ್ವರಕ್ಕೆ ಮೊದಲಿನ ಎರಡನ್ನೂ ಮುಟ್ಟಿಕೊಂಡು ಹೋದಳು. ನಾನು ಗೋಡೆಗೆ ಒರಗಿ ಕೇಳಿದೆ. ಈ ಹಾಡನ್ನು ಹೊರಗೆ ನಿಂತು ಕೇಳಿದ್ದು ಇದೇ ಮೊದಲು. ಒಳ್ಳೆಯ ಹಾಡು.

ಹೊರಡುವಾಗ ಪಾಸ್ಕ್ ಮೆಟ್ಟಿಲ ತನಕ ಬಂದ. “ಮಿಸೆಸ್ ಆರ್ಮಿಟೇಜ್, ಆ ಕಾಗದ ನಾನೇ ಇಟ್ಕೊಳ್ಳಲಾ?”

“ಇಟ್ಕೋ. ಸ್ವೆಟರು ಕೊಡು, ಮೊಣಕೈ ಸರಿಮಾಡಿ ಕಳಿಸ್ತೀನಿ.”

ವ್ಯಾನಿನಲ್ಲಿ ಫಿಟ್ಜ್ ಅರ್ಧ ದಾರಿ ರಸ್ತೆಯನ್ನೇ ನೋಡಿಕೊಂಡು ಓಡಿಸಿದ. ಬ್ರಿಗ್‌ಹೌಸ್ ದಾಟಿದ ಮೇಲೆ ನಗಲು ಶುರುಮಾಡಿದ. “ಕಿವಿಯಾದರೂ ಇರಬೇಕಿತ್ತು,” ಎಂದು ಮನೆ ಮುಟ್ಟುವವರೆಗೂ ನಕ್ಕ.

ಶನಿವಾರ, 25 ಮೇ

ನೋವಿಲ್ಲ.

ಗುರುವಾರ ಡಾಕ್ಟರಿಗೆ ಈ ಪುಸ್ತಕ ತೋರಿಸಿದೆ. ಎರಡು ಹಾಳೆ ತಿರುಗಿಸಿ, “ಇದರಲ್ಲಿ ಹಲ್ಲೆಲ್ಲಿ ಮಿಸೆಸ್ ಆರ್ಮಿಟೇಜ್?” ಎಂದ. ಕಸಿದುಕೊಂಡು ಬಂದೆ.

ಲಂಡನ್ನಿನವರು ಇನ್ನೂ ಯೋಚಿಸುತ್ತಾರಂತೆ. ಯೋಚಿಸಲಿ. ಫಿಟ್ಜ್ ಇನ್ನೂ ಬಸ್ಸು ಓಡಿಸುತ್ತಿದ್ದಾನೆ. ಜನ ಕೇಳುತ್ತಾರೆಂದು ಮತ್ತೆ ಐನೂರು ಪ್ಲೇಟು ತರಿಸಿದ. ಇವತ್ತು ಮಧ್ಯಾಹ್ನ ಎಲ್ಲರೂ ಯೂನಿಸಳ ಮೇಜಿನ ಸುತ್ತ ಕೂತೆವು.

“ಚೀಟಿ ಮೇಲೆ ಯಾವ ವೇಗ ಬರೆಯೋಣ ಆಂಟಿ?” ಎಂದ. ಸೀಮೆಸುಣ್ಣ ಕೊಡಲೇ ಎಂದೂ ಕೇಳಿದ. ನನ್ನನ್ನು ಆಡಿಕೊಳ್ಳಲು ಅವನಿಗೆ ಇದು ಇನ್ನೊಂದು ವರ್ಷ ಸಾಕು.

ಏನೂ ಬರೆಯಬೇಡ, ಬೇಕಾದ ವೇಗಕ್ಕೆ ಹಾಕಿಕೊಳ್ಳಲಿ ಎಂದೆ. ಸೂಜಿಯ ಡಬ್ಬಿ ತಂದಿದ್ದೆ. ಪ್ರತಿ ಹೊದಿಕೆಯ ಅಂಚಿನಲ್ಲಿ ಒಂದು ತೂತು, ಅದಕ್ಕೊಂದು ಬಿಳಿ ದಾರ. ಯೂನಿಸ್ ಕೇಳದೆಯೇ ಎದುರು ಕೂತು ಕಟ್ಟತೊಡಗಿದಳು. ಅವಳ ಬೆರಳು ಇನ್ನೂ ನನಗಿಂತ ಚುರುಕು.

ಚಹಾದ ಹೊತ್ತಿಗೆ ನೂರ ಹತ್ತು ಮುಗಿದವು. ಅದರಲ್ಲಿ ಮೂವತ್ತು ಇಮೋಜೆನ್ ಕಟ್ಟಿದ್ದು. ಅವಳ ಗಂಟು ಗಂಟಲ್ಲ, ಗಾಳಿ ಬೀಸಿದರೆ ಬಿಚ್ಚಿಕೊಳ್ಳುತ್ತದೆ. ನೋಡಿದೆ. ಹಾಗೇ ಪೆಟ್ಟಿಗೆಗೆ ಹಾಕಿದೆ.